ಅಜ್ಜನ ಮೋರಿಸ್ ಮೈನರ್‌ಗೆ ಓಮ್ನಿ ಎಂಜಿನ್ ಹಾಕಿಸಿ ಕೈ ಸುಟ್ಟುಕೊಂಡೆ

ಮನೆಯಲ್ಲಿ ಹಳೇ ಬ್ರಿಟಿಷ್ ಕಾರು ಇಟ್ಟುಕೊಂಡವರು, ಅದು ದಾರಿಯಲ್ಲಿ ಕೈಕೊಡುತ್ತದೆ ಅಂತ ಕಡಿಮೆ ಖರ್ಚಿನಲ್ಲಿ ಬೇರೆ ಎಂಜಿನ್ ಹಾಕಿಸಲು ಹೊರಟವರು ದಯವಿಟ್ಟು ಇದನ್ನು ಓದಿ. ನಾನು ಹಾಕಿಸಿದೆ. ದುಡ್ಡು ಹೋಯಿತು. ಅದಕ್ಕಿಂತ ಜಾಸ್ತಿ ನೋವು ಕೊಟ್ಟದ್ದು, ಕಾರಿನ ಅಸಲಿ ಎಂಜಿನ್ನೇ ಕೈಬಿಟ್ಟು ಹೋಯಿತು.

ನಮ್ಮದು ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಕಾರು 1958ರ ಮೋರಿಸ್ ಮೈನರ್ 1000. ಪಕ್ಕದ ಎಸ್ಟೇಟಿನ ಇಂಗ್ಲಿಷ್ ಮ್ಯಾನೇಜರ್ ತಮ್ಮ ದೇಶಕ್ಕೆ ಹೊರಟಾಗ ಅಜ್ಜ ಅವರಿಂದ ಕೊಂಡದ್ದು. 948 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ಬಿಎಂಸಿ ಅನ್ನುವ ಬ್ರಿಟಿಷ್ ಕಂಪನಿಯವರ ಎ ಸೀರೀಸ್. ಇದೇ ಎಂಜಿನ್ ಬೇರೆ ಬೇರೆ ಸಿಸಿಯಲ್ಲಿ 1951ರಿಂದ 2000ದವರೆಗೆ ತಯಾರಾಗಿದೆ. ಮಿನಿ ಕಾರಿಗೂ ಹಾಕಿದ್ದು ಇದನ್ನೇ. ಕೆಟ್ಟ ಎಂಜಿನ್ ಆಗಿದ್ದರೆ ಅಷ್ಟು ವರ್ಷ ಯಾರು ಮಾಡುತ್ತಿದ್ದರು? ಈ ಪ್ರಶ್ನೆ ನನಗೆ ಮೊದಲೇ ಹೊಳೆಯಬೇಕಿತ್ತು.

ಅಜ್ಜ ತೀರಿಕೊಂಡ ಮೇಲೆ ಕಾರು ಮಳೆಗಾಲವಿಡೀ ಶೆಡ್ಡಿನಲ್ಲೇ ಇರುತ್ತಿತ್ತು. ಕಾಫಿ ಕೊಯ್ಲು ಮುಗಿದ ಮೇಲೆ ಹೊರಗೆ ತೆಗೆದರೆ ಹತ್ತು ಕಿಲೋಮೀಟರ್ ಚೆನ್ನಾಗಿ ಓಡುವುದು, ಬಿಸಿಯಾದ ಮೇಲೆ ಏರಿನಲ್ಲಿ ನಿಂತುಬಿಡುವುದು. ಅರ್ಧ ಗಂಟೆ ಬಿಟ್ಟರೆ ತಾನಾಗಿಯೇ ಸ್ಟಾರ್ಟ್. ಮಡಿಕೇರಿ ರಸ್ತೆಯಲ್ಲಿ ಮೂರು ಸಲ ಹೀಗಾಯಿತು.

ಜಿಲ್ಲೆಯ ಹೊರಗಿನ ಒಂದು ಗ್ಯಾರೇಜಿಗೆ ಒಯ್ದೆ. ಆತ ಬಾನೆಟ್ ತೆಗೆದು ನೋಡಿದ್ದು ಐದು ನಿಮಿಷ. "ಎಂಜಿನ್ ಮುಗೀತು ಸಾರ್. ಇದಕ್ಕೆ ಸ್ಪೇರ್ ಸಿಗಲ್ಲ. ಓಮ್ನಿ ಎಂಜಿನ್ ಕೂರಿಸಿಬಿಡೋಣ, ಅರವತ್ತು ಸಾವಿರದಲ್ಲಿ ಎಲ್ಲಾ ಆಗುತ್ತೆ" ಅಂದ. ಕಂಪ್ರೆಷನ್, ಅಂದರೆ ಸಿಲಿಂಡರಿನ ಒಳಗಿನ ಒತ್ತಡ ನೋಡಲಿಲ್ಲ, ಪ್ಲಗ್ ಕೂಡ ಬಿಚ್ಚಲಿಲ್ಲ. ನಾನೂ ಕೇಳಲಿಲ್ಲ. ಸ್ಪೇರ್ ಸಿಗಲ್ಲ ಅನ್ನುವ ಮಾತೂ ಸುಳ್ಳು. ಮೈನರ್‌ಗೆ ಬೇಕಾದ ಬಿಡಿಭಾಗಗಳನ್ನು ಇಂಗ್ಲೆಂಡಿನಲ್ಲಿ ಈಗಲೂ ಹೊಸದಾಗಿ ಮಾಡಿ ಮಾರುತ್ತಾರೆ, ತರಿಸಿಕೊಳ್ಳಬಹುದು.

ಓಮ್ನಿ ಎಂಜಿನ್ ಯಾಕೆ ಮನಸ್ಸಿಗೆ ಹಿಡಿಸುತ್ತದೆ ಅಂತ ನನಗೆ ಗೊತ್ತು. ಅದೂ ಹಿಂದಿನ ಚಕ್ರ ತಿರುಗಿಸುವ ಗಾಡಿ. ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಯಾವ ಅಂಗಡಿಗೆ ಹೋದರೂ ಸ್ಪೇರ್ ಸಿಗುತ್ತದೆ. 796 ಸಿಸಿ ಆದರೂ ಅಶ್ವಶಕ್ತಿ ನಮ್ಮ ಹಳೇ ಎಂಜಿನ್ನಿನ ಹತ್ತಿರ ಹತ್ತಿರವೇ ಇದೆ. ಕಾಗದದ ಮೇಲೆ ಎಲ್ಲ ಸರಿ ಕಾಣುತ್ತದೆ, ಅಲ್ವಾ? ಮೋಸ ಹೋಗುವುದು ಇಲ್ಲೇ. ಹಳೇ ಎಂಜಿನ್ ನಿಧಾನವಾಗಿ ತಿರುಗುವಾಗಲೇ ಎಳೆತ ಕೊಡುತ್ತದೆ. ಓಮ್ನಿಯದ್ದು ಜೋರಾಗಿ ತಿರುಗಿದರೆ ಮಾತ್ರ ಎಳೆಯುತ್ತದೆ. ಓಮ್ನಿಗೆ 12 ಇಂಚಿನ ಸಣ್ಣ ಚಕ್ರ, ಹಿಂದಿನ ಆಕ್ಸಲಿನ ಗೇರೂ ಅದಕ್ಕೆ ತಕ್ಕದ್ದು. ಮೈನರ್‌ಗೆ 14 ಇಂಚಿನ ಚಕ್ರ, 948 ಸಿಸಿ ಮಾಡೆಲ್ಲಿನ ಕ್ರೌನ್ ಪಿನಿಯನ್, ಅಂದರೆ ಆ ಆಕ್ಸಲಿನ ಗೇರಿನ ಅನುಪಾತ 4.55. ಎಂಜಿನ್, ಗೇರ್ ಬಾಕ್ಸ್ ಓಮ್ನಿಯದ್ದು ಹಾಕಿ ಹಿಂದಿನದ್ದೆಲ್ಲ ಹಾಗೇ ಬಿಟ್ಟರೆ ಏರಿನಲ್ಲಿ ಫಸ್ಟ್ ಗೇರ್ ಕೂಡ ಸೆಕೆಂಡ್ ಗೇರಿನ ಹಾಗೆ ಆಗುತ್ತದೆ. ಮೈಸೂರಿನಂಥ ಸಮತಟ್ಟು ಊರಿನಲ್ಲಿ ಇದು ಗೊತ್ತೇ ಆಗಲಿಕ್ಕಿಲ್ಲ. ನಮ್ಮಲ್ಲಿ ಮನೆ ಗೇಟಿನಿಂದಲೇ ಏರು ಶುರು.

ಗೊತ್ತಾದದ್ದು ಸಂಪಾಜೆ ಘಾಟಿಯಲ್ಲಿ. ಸುಳ್ಯದಲ್ಲಿ ಮದುವೆ ಮುಗಿಸಿ ವಾಪಸ್ ಬರುತ್ತಿದ್ದೆವು. ಕಾರಿನಲ್ಲಿ ನಾನು, ಹೆಂಡತಿ, ಅತ್ತೆ, ಇಬ್ಬರು ಮಕ್ಕಳು. ಕೊಯನಾಡು ದಾಟಿದ ಮೇಲೆ ಪ್ರತಿ ತಿರುವಿನಲ್ಲೂ ಹಾಫ್ ಕ್ಲಚ್ಚು. ಜೋಡುಪಾಲದ ಹತ್ತಿರ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬಂತು, ಟೆಂಪರೇಚರ್ ಏರಿತು. ಸ್ವಲ್ಪ ಮುಂದೆ ಹೋದಾಗ ಕೆಳಗಿನಿಂದ ಧಡ್ ಅಂತ ಸದ್ದು. ವೆಲ್ಡ್ ಮಾಡಿ ಕೂರಿಸಿದ್ದ ಎಂಜಿನ್ ಮೌಂಟಿಂಗ್ ಬಿರುಕುಬಿಟ್ಟು ಎಂಜಿನ್ ಒಂದು ಕಡೆ ವಾಲಿತ್ತು. ಮೂರು ಸಿಲಿಂಡರಿನ ಎಂಜಿನ್ ನಡುಗುವುದು ಜಾಸ್ತಿ. ಅದಕ್ಕೆ ತಕ್ಕ ರಬ್ಬರ್ ಇಲ್ಲದೆ ತೆಳು ಪಟ್ಟಿ ವೆಲ್ಡ್ ಮಾಡಿದರೆ ನಿಲ್ಲುವುದಿಲ್ಲ. ಗೇರ್ ಸಿಕ್ಕಿಕೊಂಡಿತ್ತು. ಕತ್ತಲಾಗುತ್ತಿತ್ತು, ಮಳೆ ಬೇರೆ. ಹಿಂದೆ ಬಸ್ಸುಗಳ ಸಾಲು. ನಾವು ಐದೂ ಜನ ರಸ್ತೆ ಬದಿಯಲ್ಲಿ ನಿಂತಿದ್ದ ಆ ಒಂದು ಗಂಟೆ ನನಗೆ ಮರೆಯುವುದಿಲ್ಲ. ಬಾವ ಮಡಿಕೇರಿಯಿಂದ ಪಿಕಪ್ ತಂದು ಕರೆದುಕೊಂಡು ಹೋದರು.

ಮರುದಿನ ಕಾರಿನ ಕೆಳಗೆ ಹೋಗಿ ನೋಡಿದರೆ ಇನ್ನೂ ಹೊಟ್ಟೆ ಉರಿಯಿತು. ಮೈನರ್‌ಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುವುದು. ಅಂಥ ಬಾಡಿಯ ತಳವನ್ನು ಗೇರ್ ಲಿಂಕಿಗೆ ಜಾಗ ಬೇಕು ಅಂತ ಗ್ಯಾರೇಜಿನವ ಗ್ಯಾಸ್ ಕಟರಿನಲ್ಲಿ ಕೊಯ್ದಿದ್ದ. 60 ವರ್ಷ ಹಳೇ ವೈರಿಂಗಿಗೇ ಹೊಸ ಆಲ್ಟರ್ನೇಟರ್ ಜೋಡಿಸಿದ್ದ. ಆ ಕಾರಿನಲ್ಲಿ ಇರುವುದೇ ಎರಡು ಫ್ಯೂಸ್. ಒಂದು ಕಡೆ ವೈರು ಕರಕಲಾಗಿತ್ತು. ಬೆಂಕಿ ಹತ್ತದೇ ಇದ್ದದ್ದು ನಮ್ಮ ಪುಣ್ಯ. ಅರವತ್ತು ಸಾವಿರ ಅಂದದ್ದು ಆ ಹೊತ್ತಿಗೆ 1,40,000 ಆಗಿತ್ತು.

ಕಾಗದಪತ್ರದ ಕಥೆ ಬೇರೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಸುಮ್ನೆ ಬದಲಾಯಿಸುವಂತಿಲ್ಲ. ಗ್ಯಾರೇಜಿನವ "ಅದೆಲ್ಲ ಯಾರೂ ನೋಡಲ್ಲ" ಅಂದಿದ್ದ. ಆರ್‌ಸಿ ರಿನ್ಯೂವಲ್‌ಗೆ ಹೋದಾಗ ಮೊದಲು ನೋಡಿದ್ದೇ ಎಂಜಿನ್ ನಂಬರ್. ತಾಳೆಯಾಗಲಿಲ್ಲ, ವಾಪಸ್ ಕಳಿಸಿದರು. ಅವರದ್ದೇನೂ ತಪ್ಪಿಲ್ಲ. 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು, ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಅಜ್ಜನ ಕಾರಿಗೆ ಆ ಗೌರವ ಸಿಗುವ ದಾರಿಯನ್ನು ನಾನೇ ದುಡ್ಡು ಕೊಟ್ಟು ಮುಚ್ಚಿಸಿದ ಹಾಗಾಯಿತು.

ಕೊನೆಗೆ ವಿರಾಜಪೇಟೆ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಮನೆಗೆ ಬಂದರು. ಹಳೇ ಸಾಮಾನಿನ ಡಬ್ಬದಿಂದ ಕಾರಿನ ಎಸ್‌ಯು ಪೆಟ್ರೋಲ್ ಪಂಪ್ ಹೊರಗೆ ತೆಗೆದರು. ಅದು ಕರೆಂಟಿನಲ್ಲಿ ಓಡುವ ಪಂಪ್, ಒಳಗೆ ಕರೆಂಟ್ ಕೂಡಿಸಿ ಬಿಡಿಸುವ ಸಣ್ಣ ಪಾಯಿಂಟ್ ಇರುತ್ತದೆ. ಬ್ಯಾಟರಿಗೆ ಕೊಟ್ಟರು. ಸದ್ದಿಲ್ಲ. ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ಒಂದು ತಟ್ಟಿದರು. ಟಿಕ್ ಟಿಕ್ ಟಿಕ್ ಅಂತ ಶುರುವಾಯಿತು.

"ಕಾರು ತಿಂಗಳುಗಟ್ಟಲೆ ನಿಂತರೆ ಇದರ ಪಾಯಿಂಟ್ ಕಪ್ಪಾಗುತ್ತೆ. ನಿಮ್ಮಜ್ಜನಿಗೆ ಇದು ಗೊತ್ತಿತ್ತಲ್ಲ" ಅಂದರು.

ಗೊತ್ತಿತ್ತು. ಅಜ್ಜ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಮರದ ತುಂಡು ಇಟ್ಟಿರುತ್ತಿದ್ದರು. ಕಾರು ನಿಂತರೆ ಇಳಿದು ಬಾನೆಟ್ ಎತ್ತಿ ಒಳಗೆ ಏನನ್ನೋ ಎರಡು ಸಲ ತಟ್ಟಿ ಬಂದು ಕೂರುತ್ತಿದ್ದರು. ಚಿಕ್ಕವನಿದ್ದಾಗ ನಾನು ಮುಂದಿನ ಸೀಟಿನಲ್ಲಿ ಕೂತು ಎಷ್ಟೋ ಸಲ ನೋಡಿದ್ದೇನೆ. ಆ ತುಂಡು ಯಾಕೆ ಅಂತ ಒಮ್ಮೆಯೂ ಕೇಳಲಿಲ್ಲ.

ಹಾಗಾಗಿ ಹೇಳುತ್ತಿದ್ದೇನೆ. ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಸ್ಟಾರ್ಟ್ ಆಗುವ ಕಾರಿಗೆ ಎಂಜಿನ್ ಬದಲಾಯಿಸಬೇಡಿ. ಮೊದಲು ಪಂಪ್, ಕಂಡೆನ್ಸರ್, ಪಾಯಿಂಟ್ ಸೆಟ್, ಅರ್ತ್ ವೈರು, ರೇಡಿಯೇಟರ್ ನೋಡಿಸಿ. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲ್ ಹಳೇ ರಬ್ಬರನ್ನು ಹಾಳು ಮಾಡುತ್ತದೆ, ಪೈಪ್, ಡಯಾಫ್ರಮ್ ಹೊಸದು ಹಾಕಿಸಿ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಸಿ, ಎದುರಿಗೆ ನಿಂತು ನೋಡಿ. ನಿಜವಾಗಿಯೂ ಎಂಜಿನ್ ಸವೆದಿದ್ದರೆ ಅದರ ಸಿಲಿಂಡರನ್ನೇ ಕೊರೆಸಿ ಬೋರಿಂಗ್ ಮಾಡಿಸಿ. ಆ ಹಿರಿಯರು ನನಗೆ ಹಾಕಿಕೊಟ್ಟ ಲೆಕ್ಕ ಎಂಬತ್ತು ಸಾವಿರದ ಒಳಗೇ ಇತ್ತು. ಏನೇ ಆದರೂ ಬಿಚ್ಚಿದ ಎಂಜಿನ್ನನ್ನು ಗ್ಯಾರೇಜಿನಲ್ಲಿ ಬಿಡಬೇಡಿ, ಅದೇ ದಿನ ಮನೆಗೆ ತನ್ನಿ.

ನಾನು ಹಳೇ ಎಂಜಿನ್ ಕೇಳಲು ಹೋದಾಗ ಗ್ಯಾರೇಜಿನವ "ಅದು ಗುಜರಿಗೆ ಹೋಯ್ತು ಸಾರ್" ಅಂದ. ಮೈಸೂರು, ಹುಣಸೂರು, ಪಿರಿಯಾಪಟ್ಟಣದ ಗುಜರಿಗಳನ್ನೆಲ್ಲ ಸುತ್ತಿದ್ದೇನೆ, ಸಿಕ್ಕಿಲ್ಲ. ಹಸಿರು ಬಣ್ಣದ ಎಂಜಿನ್. ಬಲಗಡೆ ಡೈನಮೋ ಮೇಲೆ ಬ್ಲಾಕಿಗೆ ರಿವೆಟ್ ಹೊಡೆದ ಸಣ್ಣ ಪ್ಲೇಟ್ ಇದೆ, ನಂಬರ್ 9ಎಂ ಅಂತ ಶುರುವಾಗುತ್ತದೆ. ಯಾರ ಕಣ್ಣಿಗಾದರೂ ಬಿದ್ದರೆ ದಯವಿಟ್ಟು ತಿಳಿಸಿ. ಎಷ್ಟು ಹೇಳಿದರೂ ಕೊಡುತ್ತೇನೆ.