ಐಎಲ್‌ಒಸ್ಟಾಟ್‌ನ ವಲಸೆ ಕೋಷ್ಟಕಗಳು: ಸರಕು ಗಟ್ಟಿ, ಟಿಪ್ಪಣಿ ಓದದೆ ಮುಟ್ಟಬೇಡಿ

ವಲಸೆ ಬಂದವರಿಗೆ ಎಂಥ ಕೆಲಸ ಸಿಗುತ್ತಿದೆ, ಅವರಲ್ಲಿ ನಿರುದ್ಯೋಗ ಎಷ್ಟು ಎಂದು ದೇಶದಿಂದ ದೇಶಕ್ಕೆ ತಾಳೆ ನೋಡುವುದಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ (ಐಎಲ್‌ಒ) ಈ ದತ್ತಾಂಶ ತಾಣ ಒಳ್ಳೆಯ ಶುರುವಾತು. ಪೂರ್ತಿ ಉಚಿತ. ಆದರೆ ಕೋಷ್ಟಕಗಳು ನೋಡಲು ಎಷ್ಟು ಸಲೀಸೋ ಅಷ್ಟೇ ಸಲೀಸಾಗಿ ದಾರಿ ತಪ್ಪಿಸುತ್ತವೆ.

ಇಲ್ಲಿ ಎರಡು ಬಗೆಯ ಅಂಕಿಗಳಿವೆ. ಒಂದು, ಐಎಲ್‌ಒ ಗಣಿತದ ಮಾದರಿ ಕಟ್ಟಿ ಕೊಡುವ ಜಾಗತಿಕ ಅಂದಾಜು: 2022ರಲ್ಲಿ 16.77 ಕೋಟಿ ವಲಸಿಗರು ದುಡಿಯುವ ಪಡೆಯಲ್ಲಿದ್ದರು (ಕೆಲಸದಲ್ಲಿರುವವರು, ಕೆಲಸ ಹುಡುಕುತ್ತಿರುವವರು ಇಬ್ಬರೂ ಸೇರಿ), ಒಟ್ಟು ಪಡೆಯ ಶೇ 4.7. ನಿರುದ್ಯೋಗ ವಲಸಿಗರಲ್ಲಿ ಶೇ 7.2, ಉಳಿದವರಲ್ಲಿ ಶೇ 5.2. ಇನ್ನೊಂದು, ಆಯಾ ದೇಶದ ಸಮೀಕ್ಷೆಯ ಅಂಕಿ. ದೇಶಗಳ ಸಾಲುಗಳನ್ನು ಕೂಡಿದರೆ ಜಾಗತಿಕ ಮೊತ್ತ ಬರುವುದಿಲ್ಲ. ಸಮೀಕ್ಷೆ ಸಿಗದ ಕಡೆ ಮಾದರಿಯೇ ತುಂಬಿಸಿರುತ್ತದೆ.

ಮೊದಲು ನೋಡಬೇಕಾದ್ದು ವಲಸಿಗ ಎಂದರೆ ಯಾರು ಎಂಬುದನ್ನು. ಕೆಲವು ಕೋಷ್ಟಕ ಹುಟ್ಟಿದ ದೇಶ ಹಿಡಿಯುತ್ತವೆ, ಕೆಲವು ಪೌರತ್ವ. ಕೆನಡಾದಲ್ಲಿ ಪೌರತ್ವ ಪಡೆದವರು ಮೊದಲ ಲೆಕ್ಕದಲ್ಲಿ ವಲಸಿಗರು, ಎರಡನೆಯದರಲ್ಲಿ ಅಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ತಿರುಗುಮುರುಗು: ಅಲ್ಲೇ ಹುಟ್ಟಿದ ವಲಸಿಗರ ಮಕ್ಕಳೂ ಸಾಮಾನ್ಯವಾಗಿ ಪೌರರಲ್ಲ. ಇವೆರಡನ್ನೂ ಒಂದೇ ಚಾರ್ಟಿಗೆ ಹಾಕಿದರೆ ಅದು ಅಳೆಯುವುದು ಕಾನೂನಿನ ವ್ಯತ್ಯಾಸವನ್ನೇ ಹೊರತು ಕೆಲಸದ್ದನ್ನಲ್ಲ.

ಹೆಚ್ಚು ಜನ ಎಡವುವುದು ನಿರುದ್ಯೋಗ ದರದಲ್ಲಿ. ವೀಸಾ ಒಬ್ಬನೇ ಮಾಲೀಕನಿಗೆ ಕಟ್ಟಿದ್ದಾದರೆ ಕೆಲಸ ಹೋದವರು ದೇಶವನ್ನೇ ಬಿಡಬೇಕಾಗುತ್ತದೆ. ಅಂದರೆ ನಿರುದ್ಯೋಗಿಗಳು ಎಣಿಕೆಗೇ ಸಿಗುವುದಿಲ್ಲ, ದರ ಚಂದ ಕಾಣುತ್ತದೆ. ಮನೆಮನೆ ಸಮೀಕ್ಷೆ ಲೇಬರ್ ಕ್ಯಾಂಪಿನ ಒಳಗೆ ಹೋಗಿದೆಯೇ ಎಂಬುದನ್ನೂ ಮೂಲ ಟಿಪ್ಪಣಿಯಲ್ಲಿ ಹುಡುಕಿ.

ವಯಸ್ಸಿನ ಆಟ ಇನ್ನೂ ನಯ. ಬರೀ ಉದಾಹರಣೆಗೆ: 100 ಸ್ಥಳೀಯರಲ್ಲಿ 60 ಮಂದಿ 25–54ರವರು, ಅವರಲ್ಲಿ ಶೇ 80 ದುಡಿಯುತ್ತಾರೆ, 40 ಮಂದಿ ಹಿರಿಯರು, ಶೇ 30. ದುಡಿಯುವವರು ಒಟ್ಟು 60. ವಲಸಿಗರಲ್ಲಿ 80 ಮಂದಿ 25–54ರವರು, ಶೇ 75. 20 ಹಿರಿಯರು, ಶೇ 25. ಒಟ್ಟು 65. ಎರಡೂ ವಯೋಗುಂಪಿನಲ್ಲಿ ಹಿಂದೆ, ಮೊತ್ತದಲ್ಲಿ ಮುಂದೆ! ಹಾಗಾಗಿ ಎಲ್ಲ ವಯಸ್ಸಿನ ಸಾಲು ಬಿಟ್ಟು 25–54ರ ಸಾಲನ್ನೇ ಹೋಲಿಸಿ.

ವೃತ್ತಿ ಕೋಷ್ಟಕ ನನ್ನ ಮಟ್ಟಿಗೆ ಇಲ್ಲಿನ ಒಳ್ಳೆಯ ಮಾಲು. ವೃತ್ತಿಗಳ ಅಂತರರಾಷ್ಟ್ರೀಯ ವರ್ಗೀಕರಣವಾದ ಐಎಸ್‌ಸಿಒ-08ರ ಗುಂಪು 9ರಲ್ಲಿ (ಸ್ವಚ್ಛತೆ, ಹೊರೆ ಎತ್ತುವುದು ಇತ್ಯಾದಿ) ವಲಸಿಗರ ಪಾಲು ನೋಡಿದರೆ ಮಾರುಕಟ್ಟೆ ಅವರನ್ನು ಎಲ್ಲಿ ಕೂರಿಸಿದೆ ಎಂಬುದು ತಿಳಿಯುತ್ತದೆ. ಪದವೀಧರರು 4ರಿಂದ 9ರ ಗುಂಪಿನಲ್ಲಿದ್ದರೆ (ಗುಮಾಸ್ತಿಕೆಯಿಂದ ಹಿಡಿದು ಹೊರೆ ಎತ್ತುವವರೆಗೆ) ಐರೋಪ್ಯ ಒಕ್ಕೂಟದ ಅಂಕಿಅಂಶ ಕಚೇರಿ ಯೂರೋಸ್ಟಾಟ್ ಅದನ್ನು ಓದಿಗೆ ತಕ್ಕದ್ದಲ್ಲದ ಕೆಲಸ ಎಂದು ಎಣಿಸುತ್ತದೆ. ಅಷ್ಟು ದೂರ ಹೋಗಲು ಓದು, ವೃತ್ತಿ, ಹುಟ್ಟಿದ ದೇಶ ಮೂರೂ ಒಟ್ಟಿಗೆ ಇರುವ ದತ್ತಾಂಶ ಬೇಕು.

ಡೌನ್‌ಲೋಡ್ ಮಾಡಿದ ಸಿಎಸ್‌ವಿ ಕಡತದಲ್ಲಿ ಸ್ಥಿತಿ ಸೂಚಿಸುವ ಕಾಲಂ ಅಳಿಸಬೇಡಿ. ಅಲ್ಲಿ 'ಯು' ಇದ್ದರೆ ಸಾಮಾನ್ಯವಾಗಿ ಸಮೀಕ್ಷೆಗೆ ಸಿಕ್ಕವರು ತೀರಾ ಕಡಿಮೆ, ಅಂಕಿ ನೆಚ್ಚುವಂತಿಲ್ಲ. 'ಬಿ' ಇದ್ದರೆ ಲೆಕ್ಕದ ವಿಧಾನ ಬದಲಾಗಿ ಸರಣಿ ಮುರಿದಿದೆ, ಹಿಂದಿನ ವರ್ಷಕ್ಕೆ ಗೆರೆ ಎಳೆಯಬಾರದು.

ಕೊರತೆಯೆಂದರೆ, ಬಂದು ಎಷ್ಟು ವರ್ಷವಾಯಿತು ಎಂಬುದು ಮಾಮೂಲಿ ಕೋಷ್ಟಕಗಳಲ್ಲಿಲ್ಲ. ನಿನ್ನೆ ಬಂದವರೂ ಇಪ್ಪತ್ತು ವರ್ಷದಿಂದ ಇರುವವರೂ ಒಂದೇ ಸಾಲಿನಲ್ಲಿ. ಭಾಷೆ ಕಲಿತು, ಪರಿಚಯ ಬೆಳೆದು ಕೂಲಿಯ ಅಂತರ ಕಿರಿದಾಗುವುದನ್ನು ನೋಡಬೇಕೆಂದರೆ ಆಯಾ ದೇಶದ ಸಮೀಕ್ಷೆಯ ಬಿಡಿ ದಾಖಲೆಗಳನ್ನೇ ತರಿಸಿಕೊಳ್ಳಬೇಕು.