ಸೋಲಾರ್‌ಗೆ ಜಮೀನು: ಗುತ್ತಿಗೆಯೋ, ಕ್ರಯವೋ?

ಗುತ್ತಿಗೆ ಹೇಗಿರುತ್ತದೆ ಅಂತ ತಿಳಿಯಲು ತುಮಕೂರು ಜಿಲ್ಲೆಯ ಪಾವಗಡ ನೋಡಬೇಕು. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಎದ್ದಿದೆ. ರೈತರಿಂದ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ಕೈಕೊಡುವ ಸೀಮೆಯಲ್ಲಿ ಇದು ದೊಡ್ಡ ಆಸರೆ. ಪಹಣಿಯಲ್ಲಿ ಮಾಲೀಕರ ಹೆಸರು ನಿಮ್ಮದೇ ಉಳಿಯುತ್ತದೆ. ಆದರೆ ವರ್ಷಕ್ಕೆ ಎರಡೂವರೆ ಪರ್ಸೆಂಟ್ ಏರಿಕೆ ಸಾಲದು. ಸಂತೆಯಲ್ಲಿ ಬೆಲೆ ಅದಕ್ಕಿಂತ ಜೋರಾಗಿ ಏರುತ್ತದೆ ಅಲ್ವಾ?

ಮಾರಿದರೆ ಇಡಿಗಂಟು ಸಿಗುತ್ತದೆ. ಸಾಲ ಮೈಮೇಲಿದ್ದವರಿಗೆ, ಬೇರೆ ಕಡೆ ನೀರಾವರಿ ಜಮೀನು ಕೊಳ್ಳುವವರಿಗೆ ಸರಿ. ಉಳಿದವರಿಗೆ ನಾನು ಗುತ್ತಿಗೆಯನ್ನೇ ಹೇಳುತ್ತೇನೆ.

ಅನುಮತಿಯ ವಿಷಯ ಬೇರೆಯೇ. ಪಾರ್ಕ್ ಆದರೆ ಜಮೀನು, ರಸ್ತೆ, ವಿದ್ಯುತ್ ಲೈನ್ ಎಲ್ಲವನ್ನೂ ಪಾರ್ಕಿನ ಸಂಸ್ಥೆಯೇ ನೋಡಿಕೊಳ್ಳುತ್ತದೆ. ಪಾರ್ಕಿನ ಹೊರಗೆ ಬಿಡಿಯಾಗಿ ಒಂದು ಕಂಪನಿ ಬಂದರೆ ಅನುಮತಿ, ಸಬ್‌ಸ್ಟೇಷನ್ನಿಗೆ ಸಂಪರ್ಕ ಎಲ್ಲಕ್ಕೂ ಅದೇ ಓಡಾಡಬೇಕು. ನಿಮ್ಮಿಂದ ಕರಾರಿಗೆ ಸಹಿ ಹಾಕಿಸಿಕೊಂಡು ಸುಮ್ನೆ ಕಾಯುತ್ತಾ ಕೂತರೆ ಜಮೀನು ಬೇರೆಯವರಿಗೂ ಕೊಡುವಂತಿಲ್ಲ. ಗುತ್ತಿಗೆಯಾಗಲಿ, ಕ್ರಯದ ಕರಾರಾಗಲಿ, ಇಂತಿಷ್ಟು ತಿಂಗಳಲ್ಲಿ ಅನುಮತಿ ಸಿಗದಿದ್ದರೆ ರದ್ದು ಅಂತ ಬರೆಸಿಕೊಳ್ಳಿ. ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟ್ ಕಿತ್ತು ಹೊಲ ಹದ ಮಾಡಿಕೊಡುವ ಖರ್ಚು ಯಾರದು ಅನ್ನುವುದೂ ಗುತ್ತಿಗೆ ಪತ್ರದಲ್ಲಿರಲಿ.

ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ), ಪೋಡಿ (ಅಳತೆ ಮಾಡಿ ಜಮೀನು ಬೇರೆ ಬೇರೆ ಮಾಡುವುದು) ಬಾಕಿ ಇದ್ದರೆ ಎರಡೂ ದಾರಿ ಕಷ್ಟವೇ. ಅದನ್ನು ಮೊದಲು ಮುಗಿಸಿ.

ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ಬಾಡಿಗೆಯೂ ಇಲ್ಲ, ಗಂಟೂ ಇಲ್ಲ. ಅವರ ಕೆಲಸದ ಮಾತನ್ನು ಸಹಿಗೆ ಮೊದಲೇ ಗ್ರಾಮಸಭೆಯಲ್ಲಿ ಎತ್ತಿ.