ಬೆನ್ನಿನ ಆಪರೇಷನ್: ಟೇಪು ಹಿಡಿದು ನೋಡಿದ್ದು

ಚಪ್ಪಲಿ ಜಾರೋಕೆ ಶುರುವಾದಾಗಲೇ ನನಗೆ ಗೊತ್ತಾಗಬೇಕಿತ್ತು. ಬಲಗಾಲು ಮುಂದೆ ಹೋಗುತ್ತಿತ್ತು, ಚಪ್ಪಲಿ ಹಿಂದೆ ಉಳಿಯುತ್ತಿತ್ತು. ಅರಸೀಕೆರೆಯಲ್ಲಿ 22 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಒರಗಲು ಏನೂ ಇಲ್ಲದ ಸ್ಟೂಲು, ಬಗ್ಗಿದ ಕತ್ತು, ದಿನಕ್ಕೆ ಎಂಟು ಗಂಟೆ. ನಮ್ಮ ಕೆಲಸದವರಿಗೆ ಸೊಂಟ ನೋವು ಬರುತ್ತೆ, ಹೋಗುತ್ತೆ, ಯಾರೂ ತಲೆ ಕೆಡಿಸಿಕೊಳ್ಳಲ್ಲ. ಆದರೆ ಈ ಸಲ ನೋವು ಸೊಂಟ ಬಿಟ್ಟು ತೊಡೆಗಿಳಿಯಿತು, ಮೀನಖಂಡ ದಾಟಿ ಹೆಬ್ಬೆರಳಿಗೆ ಬಂತು. ಎಂಆರ್‌ಐ ಮಾಡಿಸಿದರೆ ಎಲ್4-ಎಲ್5 ಡಿಸ್ಕ್, ಅಂದರೆ ಸೊಂಟದ ಹತ್ತಿರದ ಎರಡು ಬೆನ್ನುಮೂಳೆಗಳ ನಡುವಿನ ಮೆತ್ತೆ, ಹೊರಗೆ ಬಂದು ನರ ಒತ್ತುತ್ತಿತ್ತು.

ಇಂಥ ನೋವು ಬಂದವರಲ್ಲಿ ಜಾಸ್ತಿ ಜನಕ್ಕೆ ಆಪರೇಷನ್ ಬೇಕಾಗುವುದಿಲ್ಲ. ಮಾತ್ರೆ, ವ್ಯಾಯಾಮದಲ್ಲೇ ಇಳಿಯುತ್ತದೆ. ನಾನೂ ಏಳು ವಾರ ಫಿಸಿಯೋಥೆರಪಿ ಮಾಡಿಸಿದೆ. ನೋವನ್ನಾದರೂ ತಡೆದುಕೊಳ್ಳುತ್ತಿದ್ದೆ. ಪಾದವನ್ನೇ ಮೇಲೆತ್ತಲು ಆಗದಾದಾಗ ಡಾಕ್ಟರು ಇನ್ನು ಕಾಯುವುದು ಬೇಡ ಎಂದರು. ಬೆನ್ನಲ್ಲಿ ಸುಮಾರು ಒಂದು ಇಂಚು ಕೊಯ್ದು, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ, ನರ ಒತ್ತುತ್ತಿರುವ ಚೂರನ್ನು ಮಾತ್ರ ತೆಗೆಯುತ್ತಾರಂತೆ. ಈ ಪದ್ಧತಿ 1970ರ ದಶಕದಿಂದಲೇ ಇದೆ ಅಂತ ಗೊತ್ತಾದ ಮೇಲೆ ನನ್ನ ಹೆದರಿಕೆ ಸ್ವಲ್ಪ ಇಳಿಯಿತು.

ಬೆಂಗಳೂರಿನಲ್ಲಿ ಹತ್ತು ದಿನ ಬಿಟ್ಟು ಡೇಟು ಸಿಕ್ಕಿತು. ಅಷ್ಟರೊಳಗೆ ಮೂತ್ರ ಕಟ್ಟಿದರೆ, ಇಲ್ಲವೇ ತಡೆಯಲಾಗದೆ ಹೋದರೆ, ಕೂರುವ ಜಾಗ ಜೋಮು ಹಿಡಿದರೆ ಡೇಟು ಕಾಯಬೇಡಿ, ಆ ರಾತ್ರಿಯೇ ಬನ್ನಿ ಎಂದಿದ್ದರು. ಅದನ್ನು ಕ್ಯಾಲೆಂಡರಿನ ಮೇಲೆ ಕೆಂಪಕ್ಷರದಲ್ಲಿ ಬರೆದಿಟ್ಟೆ.

ಆ ಹತ್ತು ದಿನದಲ್ಲಿ ಬಂದ ಸಲಹೆಗಳಿಗೆ ಲೆಕ್ಕವಿಲ್ಲ. ನನಗೆ ನಾಟಿದ್ದು ಫಿಸಿಯೋ ಹುಡುಗಿ ಹೇಳಿದ ಒಂದೇ ಮಾತು: "ಆಂಟಿ, ನೀವು ಕೂತು ಏಳುವ ಜಾಗ ಯಾವುದೂ ಮೊಣಕಾಲಿಗಿಂತ ಕೆಳಗಿರಬಾರದು." ಟೇಪು ಕತ್ತಿನಲ್ಲೇ ಇತ್ತು. ನೆಲದಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗೆ ಅಳೆದೆ. 16 ಇಂಚು. ಆಮೇಲೆ ಮನೆಯಲ್ಲಿ ಕಂಡ ಕಂಡದ್ದನ್ನೆಲ್ಲ ಅಳೆಯುತ್ತಾ ಹೋದೆ.

ಮೊದಲು ಹಾಸಿಗೆ. ನಮ್ಮತ್ತೆಯದು ಒಂದೇ ಹಟ. "ನಮ್ಮ ಕಾಲದಲ್ಲಿ ಸೊಂಟ ಹಿಡಿದರೆ ನೆಲದ ಮೇಲೆ ಮಲಗಿಸ್ತಿದ್ರು ಕಣಮ್ಮ, ಎರಡು ದಿನಕ್ಕೆ ಎದ್ದು ಕೂರ್ತಿದ್ರು." ಸರಿ ಅಂತ ಚಾಪೆ ಹಾಸಿ ಎರಡು ರಾತ್ರಿ ಮಲಗಿದೆ. ಮಲಗಿದ್ದಾಗ ನಿಜಕ್ಕೂ ಹಿತವಾಗಿತ್ತು. ಬೆಳಗ್ಗೆ ಏಳಬೇಕಲ್ಲ, ಅಲ್ಲಿ ಬಂತು ತಾಪತ್ರಯ. ಮಗ್ಗುಲಾಗಿ, ಮಂಡಿಯೂರಿ, ಗೋಡೆ ಹಿಡಿದು ಏಳುವಷ್ಟರಲ್ಲಿ ಕಣ್ಣಲ್ಲಿ ನೀರು. ರೂಮಿನ ಮಂಚದ ಮೇಲೆ ಫೋಮ್ ಹಾಸಿಗೆ ಇತ್ತು. ಟೇಪು 21 ಇಂಚು ತೋರಿಸಿತು, ಆದರೆ ಅಂಚಿನಲ್ಲಿ ಕೂತರೆ ಅದು ಕುಸಿದು 17ಕ್ಕೆ ಬರುತ್ತಿತ್ತು. ಕೈ ಊರಿದರೆ ಕೈಯೂ ಒಳಗೆ. ಹಾಲಿನ ದಿವಾನದ ಮೇಲೆ ಹಳೇ ನಾರಿನ ಹಾಸಿಗೆ ಇತ್ತು. 19 ಇಂಚು, ಕೂತರೂ 18. ಇದೇ ಗೆದ್ದಿತು. ಮೊಣಕಾಲಿಗಿಂತ ಎರಡು ಇಂಚು ಮೇಲಿದ್ದರೆ ಎದ್ದು ನಿಲ್ಲಲು ಬೆನ್ನನ್ನು ಕೇಳಬೇಕಿಲ್ಲ, ತೊಡೆಯೇ ಕೆಲಸ ಮಾಡುತ್ತದೆ.

ಗಟ್ಟಿ ಹಾಸಿಗೆಯೇ ಒಳ್ಳೆಯದು ಅನ್ನುವ ನಂಬಿಕೆ ಬಗ್ಗೆ ನನ್ನ ಮಗಳು ಒಂದು ವಿಷಯ ಹುಡುಕಿ ಓದಿದಳು. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸ್ಪೇನ್ ದೇಶದ ಪರೀಕ್ಷೆಯೊಂದು ಬಂದಿತ್ತಂತೆ. ಬಹಳ ದಿನದಿಂದ ಸೊಂಟ ನೋವಿದ್ದ 313 ಜನಕ್ಕೆ ಎರಡು ಥರ ಹಾಸಿಗೆ ಕೊಟ್ಟು 90 ದಿನ ನೋಡಿದರು. ತೀರಾ ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಟ್ಟಿಯವರೇ ಹಿತವಾಗಿದ್ದರು. ಅವರೇನೂ ಆಪರೇಷನ್ ಆದವರಲ್ಲ, ನಿಜ. ಆದರೂ ಅತ್ತೆಯ ಬಾಯಿ ಮುಚ್ಚಿಸಲು ಅಷ್ಟು ಸಾಕಾಯಿತು.

ದಿವಾನದ ಮೇಲೆ ಏಳುವ ಅಭ್ಯಾಸವನ್ನೂ ಮೊದಲೇ ಮಾಡಿಕೊಂಡೆ. ಮಂಡಿ ಮಡಚಿ, ಭುಜ ಸೊಂಟ ಎರಡೂ ಒಟ್ಟಿಗೆ ಮರದ ದಿಮ್ಮಿ ಹೊರಳಿದ ಹಾಗೆ ಮಗ್ಗುಲಾಗುವುದು. ಕಾಲು ಕೆಳಗೆ ಬಿಡುತ್ತಾ ಕೈಯಿಂದ ಮೈ ಎತ್ತುವುದು. ಆಪರೇಷನ್ ಆದ ಮರುದಿನ ನರ್ಸಮ್ಮ ಹೇಳಿಕೊಡಲು ಬಂದಾಗ ನಾನು ಆಗಲೇ ಎದ್ದು ಕೂತಿದ್ದೆ.

ಕಕ್ಕಸಿನ ಮಾತಿಗೆ ಮುಜುಗರ ಬೇಡ, ನನಗೆ ಅತಿ ಜಾಸ್ತಿ ಚಿಂತೆ ಇದ್ದದ್ದೇ ಅದರದ್ದು. ನಮ್ಮ ಮನೆಯದು ಕುಕ್ಕರಗಾಲಲ್ಲಿ ಕೂರುವಂಥದ್ದು. ಆಪರೇಷನ್ ಆದ ಹೊಸದರಲ್ಲಿ ಅದು ಆಗದ ಮಾತು. ಮೊದಲು ನಡುವೆ ತೂತಿರುವ ಪ್ಲಾಸ್ಟಿಕ್ ಸ್ಟೂಲು ತಂದೆವು. ಅಗ್ಗ, ತೊಳೆಯಲು ಸುಲಭ. ಆದರೆ ಎತ್ತರ 13 ಇಂಚು. ಸಾಲದ್ದಕ್ಕೆ ಒದ್ದೆ ಟೈಲ್ಸ್ ಮೇಲೆ ಒಂದು ಕಾಲು ಸರ್ರನೆ ಜಾರಿತು. ಬೀಳಲಿಲ್ಲ, ಆದರೆ ಎದೆ ಹೊಡೆದುಕೊಂಡಿತು. ಇದು ಆಪರೇಷನ್‌ಗೆ ಮೊದಲೇ ಆಗಿದ್ದು ಪುಣ್ಯ. ಆಮೇಲೆ ಮೆಡಿಕಲ್ ಸಾಮಾನಿನ ಅಂಗಡಿಯಿಂದ ಸ್ಟೀಲಿನ ಕಮೋಡ್ ಕುರ್ಚಿ ಬಾಡಿಗೆಗೆ ತಂದೆವು. ಕಾಲಿಗೆ ರಬ್ಬರ್ ಬುಡ, ಎರಡು ಕಡೆ ಕೈ ಊರಲು ಹಿಡಿ, ಎತ್ತರ ಏರಿಸಿ ಇಳಿಸಬಹುದು. 18ಕ್ಕೆ ನಿಲ್ಲಿಸಿದೆ. ನೋಡಲು ಆಸ್ಪತ್ರೆ ಸಾಮಾನಿನ ಹಾಗೆ ಇದೆ ಅಂತ ಇವರು ಮುಖ ಸಿಂಡರಿಸಿದರು. ಇರಲಿ ಬಿಡಿ. ಆಪರೇಷನ್‌ಗೆ ಅಂತ ಮಾಡಿದ ಖರ್ಚಿನಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. ಇನ್ನೊಂದು ಮಾತು, ನೋವಿನ ಮಾತ್ರೆಯಿಂದ ಮಲ ಕಟ್ಟುತ್ತದೆ, ತಿಣುಕಿದರೆ ಬೆನ್ನಿಗೆ ಜಗ್ಗುತ್ತದೆ. ಡಾಕ್ಟರನ್ನು ಕೇಳಿ ಮೊದಲ ದಿನದಿಂದಲೇ ರಾತ್ರಿ ಇಸಬ್‌ಗೋಲ್ ಕುಡಿದೆ.

ಇನ್ನು ಬಟ್ಟೆ. ಇದನ್ನು ಯಾರೂ ಹೇಳುವುದಿಲ್ಲ, ಡಾಕ್ಟರಂತೂ ಹೇಳುವುದೇ ಇಲ್ಲ. ಎಲ್4-ಎಲ್5ರ ಹೊಲಿಗೆ ಬರುವುದು ಬೆನ್ನಿನ ಕೆಳಗೆ, ಸರಿಯಾಗಿ ಲಂಗದ ಲಾಡಿ ಕೂರುವ ಜಾಗದಲ್ಲಿ. ಇಷ್ಟು ವರ್ಷ ಬಿಗಿದು ಬಿಗಿದು ಅಲ್ಲಿ ಕಪ್ಪು ಗೆರೆಯೇ ಬಿದ್ದಿತ್ತು. ಹಾಗಾಗಿ ಸೀರೆ ಆ ಕ್ಷಣಕ್ಕೇ ಹೊರಗೆ. ಚೂಡಿದಾರ್ ಹಾಕಿ ನೋಡಿದೆ. ಪ್ಯಾಂಟಿಗೂ ಲಾಡಿ ಅಥವಾ ಎಲಾಸ್ಟಿಕ್, ಹಾಕಿಕೊಳ್ಳಲು ಬಗ್ಗಲೂ ಬೇಕು. ನೈಟಿಯೇ ಗತಿ. ಅಂಗಡಿಯ ನೈಟಿಗಳು ತಲೆಯಿಂದ ಹಾಕುವಂಥವು, ಉದ್ದ ಪಾದ ಮುಟ್ಟುತ್ತದೆ, ಕಾಲಿಗೆ ಸಿಕ್ಕಿ ಎಡವಿದರೆ ಕಥೆ ಮುಗಿಯಿತು. ಕಾಟನ್ ಬಟ್ಟೆಯಲ್ಲಿ ನಾನೇ ಮೂರು ಹೊಲಿದುಕೊಂಡೆ. ಮುಂದೆ ಕೊನೆಯವರೆಗೂ ಗುಂಡಿ, ಉದ್ದ ಮೀನಖಂಡದವರೆಗೆ, ಬೆನ್ನಲ್ಲಿ ಒಂದು ಹೊಲಿಗೆಯೂ ಬರದ ಹಾಗೆ ಅಖಂಡ ಬಟ್ಟೆ. ಡ್ರೆಸ್ಸಿಂಗ್ ಬದಲಿಸಲು ಬಂದ ನರ್ಸಮ್ಮ ಅಳತೆ ಕೊಟ್ಟು ಹೋಗಿದ್ದಾರೆ, ಅವರ ತಾಯಿಗೆ ಬೇಕಂತೆ.

ಸೊಂಟಕ್ಕೆ ಬೆಲ್ಟ್ ಕಟ್ಟುವುದಾ ಬೇಡವಾ ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಮಾತು. ನನ್ನ ಡಾಕ್ಟರು ಪ್ರಯಾಣಕ್ಕೆ ಮಾತ್ರ ಎಂದರು. ನಾನು ಧೈರ್ಯಕ್ಕೆ ಅಂತ ಮನೆಯಲ್ಲೂ ನಾಲ್ಕು ದಿನ ಕಟ್ಟಿದೆ. ಬೆವರು, ಹೊಲಿಗೆ ಮೇಲೆ ತುರಿಕೆ, ಊಟ ಮಾಡಿದರೆ ಹೊಟ್ಟೆ ಬಿಗಿತ. ಬಿಚ್ಚಿಟ್ಟ ಮೇಲೆ ಬೆನ್ನು ಏನೂ ಮುರಿದು ಬೀಳಲಿಲ್ಲ. ಒಂದೇ ಲಾಭ ಅಂದರೆ ಬೆಲ್ಟ್ ಕಂಡವರು ಮೈಮೇಲೆ ಬೀಳದೆ ದೂರ ನಿಂತು ಮಾತಾಡುತ್ತಾರೆ.

ನಡೆಯುವುದಕ್ಕೆ ಟೆರೇಸು, ಬೀದಿ ಎರಡೂ ನೋಡಿದೆ. ಟೆರೇಸಿಗೆ 17 ಮೆಟ್ಟಿಲು, ಬೀದಿಯಲ್ಲಿ ನಾಯಿ. ಕೊನೆಗೆ ಹಾಲು, ಅಡುಗೆಮನೆ, ವರಾಂಡ ಅಂತ ಮನೆಯೊಳಗೇ ಸುತ್ತಿದೆ. ಹತ್ತು ನಿಮಿಷದಂತೆ ದಿನಕ್ಕೆ ಆರು ಸಲ.

ಆಸ್ಪತ್ರೆಯಿಂದ ಊರಿಗೆ ಬಂದದ್ದು ಕಾರಿನಲ್ಲಿ, ಮೂರನೇ ದಿನ. ಮುಂದಿನ ಸೀಟು ಹಿಂದಕ್ಕೆ ಬಾಗಿಸಿ, ಸೊಂಟದ ಬೆಲ್ಟ್ ಕಟ್ಟಿ ಒರಗಿದ್ದೆ. ತುಮಕೂರಿನವರೆಗೆ ಪರವಾಗಿಲ್ಲ. ಅಲ್ಲಿಂದ ಮುಂದೆ ಹಂಪ್ ಬಂದಾಗಲೆಲ್ಲ ಹೊಲಿಗೆಯಲ್ಲಿ ಚುಳುಕ್ ಅನ್ನುತ್ತಿತ್ತು. ಅರ್ಧ ಗಂಟೆಗೊಮ್ಮೆ ಇಳಿದು ನಡೆದೆ. ತಿಪಟೂರಿನಲ್ಲಿ ಕೊಬ್ಬರಿ ಲಾರಿಗಳ ಪಕ್ಕದಲ್ಲಿ ನೈಟಿ ಹಾಕಿಕೊಂಡು ಅತ್ತಿಂದಿತ್ತ ಓಡಾಡಿದ ನನ್ನನ್ನು ಎಷ್ಟು ಜನ ನೋಡಿದರೋ. ಆರು ವಾರಕ್ಕೆ ತೋರಿಸಲು ಹೋದದ್ದು ರೈಲಿನಲ್ಲಿ. ಕೆಳಗಿನ ಬರ್ತು ಸಿಕ್ಕಿತ್ತು, ಬೇಕಾದಾಗ ಮಲಗಿದೆ, ಬೇಕಾದಾಗ ನಡೆದೆ. ಬೆನ್ನಿಗೆ ರೈಲೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರನೇ ದಿನವೇ ರೈಲು ಹತ್ತಿ ಎಂದರೆ ನಾನು ಹತ್ತುತ್ತಿರಲಿಲ್ಲ. ಆ ಕಡಿದಾದ ಮೆಟ್ಟಿಲು, ಹಿಂದಿನಿಂದ ನೂಕುವ ಜನ. ಹೊಸದರಲ್ಲಿ ಕಾರು, ಆಮೇಲೆ ರೈಲು.

ಮಿಷನ್ ಮುಂದೆ ಕೂತದ್ದು ಡಾಕ್ಟರು ಒಪ್ಪಿದ ಮೇಲೆ, ಎಂಟನೇ ವಾರ. ತುಳಿಯುವ ಮಿಷನ್ ನನಗೆ ಪ್ರಾಣ, ವೇಗ ನನ್ನ ಕಾಲಿನ ಹಿಡಿತದಲ್ಲಿರುತ್ತದೆ. ಆದರೆ ಪಾದ ಇನ್ನೂ ಪೂರ್ತಿ ಬಂದಿರಲಿಲ್ಲ, ಐದು ನಿಮಿಷಕ್ಕೇ ಸೋಲುತ್ತಿತ್ತು. ಮೋಟಾರು ಹಾಕಿಸಿದೆ. ಮೊದಲ ವಾರ ಬ್ಲೌಸಿನ ಎರಡು ತೋಳು ಕೆಡಿಸಿದೆ, ಕಾಲು ಸುಮ್ನೆ ಮುಟ್ಟಿದರೂ ಓಡುತ್ತಿತ್ತು. ಈಗ ಒಗ್ಗಿದೆ. ಸ್ಟೂಲಿನ ಜಾಗಕ್ಕೆ ಒರಗುವ ಕುರ್ಚಿ ಬಂತು, 17 ಇಂಚು. ಮೊಬೈಲಿನಲ್ಲಿ 25 ನಿಮಿಷಕ್ಕೆ ಗಂಟೆ ಹೊಡೆಯುತ್ತದೆ, ಎದ್ದು ಒಂದು ಸುತ್ತು ನಡೆಯುತ್ತೇನೆ.

ಕೆಳಗೆ ಬಿದ್ದದ್ದನ್ನು ಹೆಕ್ಕುವುದೊಂದು ಉಳಿದಿತ್ತು. ಮಂಡಿಯೂರಿ ತೆಗೆಯಿರಿ ಎಂದರು ಫಿಸಿಯೋ. ದಿನಕ್ಕೆ ಐವತ್ತು ಸಲ ಯಾರು ಮಂಡಿಯೂರುತ್ತಾರೆ? ಮರದ ಸ್ಕೇಲಿನ ತುದಿಗೆ ಹಳೇ ಸ್ಪೀಕರಿನ ಅಯಸ್ಕಾಂತ ಕಟ್ಟಿಕೊಂಡೆ. ಸೂಜಿ, ಪಿನ್ನು, ಹುಕ್ಕು ಎಲ್ಲ ಅಂಟಿಕೊಂಡು ಬರುತ್ತವೆ. ಗುಂಡಿ ಬಿದ್ದರೆ ಮಾತ್ರ ಇವರನ್ನೇ ಕರೆಯಬೇಕು. ಪ್ಲಾಸ್ಟಿಕ್ಕಲ್ವಾ, ಅಯಸ್ಕಾಂತಕ್ಕೆ ಹಿಡಿಯಲ್ಲ.